ಬರಿದಾಗಿ ಮರಳಿಸಬಾರದ ತಟ್ಟೆ

ನಾಗಮಣಿಯ ಕೈಕಾಲು ತಣ್ಣಗಾದದ್ದು ಯುಗಾದಿಯ ದಿನ, ಮಟಮಟ ಮಧ್ಯಾಹ್ನ, ಸುಡುಸುಡು ಹೋಳಿಗೆಯ ಮುಂದೆ!

ಎದುರು ಫ್ಲ್ಯಾಟಿನ ಮೊಜೆಲ್ ಆಂಟಿ ಯಹೂದಿ. ಕಡಲಾಚೆಯ ಪುಂಗೋಲಿನ ಆ ಬ್ಲಾಕಿನಲ್ಲಿ ನಾಗಮಣಿಗೆ ಆಪತ್ತಿಗಾಗುವ ಜೀವ ಅಂತಿದ್ದರೆ ಅವರೊಬ್ಬರೇ. ಮುಂದಿನ ಕೋಣೆಗೆ ಪೇಂಟ್ ಹೊಡೆಸುವಾಗ ಒಡೆದೀತೆಂದು ಅಜ್ಜಿಯ ಕಾಲದ ಪಿಂಗಾಣಿ ತಟ್ಟೆಯನ್ನು ಇವಳ ಕೈಗೆ ಕೊಟ್ಟಿದ್ದರು. ಬಿಳಿ ಮೈ, ಅಂಚಿಗೆ ನೀಲಿ ದಾಳಿಂಬೆ ಬಳ್ಳಿ, ನಡುವೆ ಹೀಬ್ರೂ ಅಕ್ಷರ. "ಅಜ್ಜಿ ಬಾಗ್ದಾದಿನಿಂದ ತಂದದ್ದು. ಪಾಸೋವರ್ ಹಬ್ಬಕ್ಕೆ ಮಾತ್ರ ಟೇಬಲ್ ಮೇಲೆ ಇಡೋದು" ಅಂದಿದ್ದರು.

ಇವತ್ತು ವಾಪಸು ಕೊಡಬೇಕು. ನಮ್ಮ ನಾಗಮಣಿ ಯಾರದ್ದಾದರೂ ಪಾತ್ರೆಯನ್ನು ಬರಿದಾಗಿ ಮರಳಿಸುವವಳೇ? ಪ್ರಾಣ ಹೋದರೂ ಇಲ್ಲ. ಹಬ್ಬದ ತಟ್ಟೆಗೆ ಹಬ್ಬದ ಹೋಳಿಗೆ, ಇನ್ನೇನು ಬೇಕು! ಕಾವಲಿಯಿಂದ ಇಳಿದದ್ದನ್ನು ಇಳಿದಂತೆಯೇ ಪೇರಿಸಿ ತುಪ್ಪ ಸುರಿದೇಬಿಟ್ಟಳು.

ರೂಮಿನಿಂದ ಬಂದ ಮಗಳು ಅದ್ವಿಕಾ, ಆ ಊರಿನ ಮಕ್ಕಳಂತೆ ಕೊನೆಗೊಂದು 'ಲಾ' ಸೇರಿಸಿ ಕಿರುಚಿದಳು. "ಅಮ್ಮಾ! ಪಾಸೋವರ್ ಪ್ಲೇಟ್‌ಗೆ ಮೈದಾ ಗೋಧಿ ಎಲ್ಲ ಟಚ್ ಮಾಡ್ಸೋ ಹಾಗಿಲ್ಲ ಲಾ!"

"ತೊಳೆದ್ರಾಯ್ತು ಬಿಡೇ."

"ಆಗಲ್ಲ. ಹೋದ್ವರ್ಷ ಅವ್ರ ಹಬ್ಬಕ್ಕೆ ಹೆಲ್ಪ್ ಮಾಡೋಕೆ ಹೋದಾಗ ಆಂಟೀನೇ ಹೇಳಿದ್ರು. ಸ್ಟೀಲ್ ಆದ್ರೆ ಕುದಿಸಿ ಕ್ಲೀನ್ ಮಾಡ್ಬಹುದು. ಪಿಂಗಾಣಿಗೆ ಬಿಸಿ ಹಿಟ್ಟು ತಾಗಿದ್ರೆ ಫಿನಿಶ್, ಆ ಹಬ್ಬಕ್ಕೆ ಮತ್ತೆ ಯೂಸ್ ಮಾಡಲ್ಲ."

ನಾಗಮಣಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈಸೂರಿನಲ್ಲಿ ಅವಳಜ್ಜಿಯೂ ಮೈಲಿಗೆಯಾದ ತಾಮ್ರದ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜಿ ಒಳಗಿಡುತ್ತಿದ್ದರು, ಮಡಕೆಯಾದರೆ ಹಿತ್ತಲಿಗೆ ಎಸೆಯುತ್ತಿದ್ದರು.

ಗಂಡ ಸಂಪತ್ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ತೊಳ್ದು ಕೊಟ್ಬಿಡು. ಯಾರಿಗ್ ಗೊತ್ತಾಗತ್ತೆ?" ಅಂದ.

ಗೊತ್ತಾಗುವುದಿಲ್ಲ, ಹೆದರಿಕೆ ಅದೇ. ಪ್ರತಿವರ್ಷ ಆ ಮುದಿಜೀವ ಏನೂ ಅರಿಯದೆ ಅದೇ ತಟ್ಟೆ ಇಟ್ಟು ಪ್ರಾರ್ಥನೆ ಮಾಡುವುದು, ಎದುರುಮನೆಯಲ್ಲಿ ತಾನು ತುಟಿ ಹೊಲಿದುಕೊಂಡು ಕೂರುವುದು! ಹೇಳಿದರೋ, ಈ ಊರಿನಲ್ಲಿ ತನಗಾಗಿ ತೆರೆಯುವ ಒಂದೇ ಬಾಗಿಲೂ ಮುಚ್ಚೀತು. ತನ್ನ ಸಂಭ್ರಮಕ್ಕೆ ತಾನೇ ಶಾಪ ಹಾಕಿಕೊಂಡು, ಹೋಳಿಗೆ ಸಮೇತ ತಟ್ಟೆ ಎತ್ತಿಕೊಂಡು ಹೋಗಿ ಬೆಲ್ ಒತ್ತಿದಳು.

ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಮರೆತೇಹೋಯಿತು. "ಆಂಟಿ, ಸಾರಿ. ಬಿಸಿ ಮೈದಾ ಇಟ್ಬಿಟ್ಟೆ. ನಿಮ್ಮ ತಟ್ಟೆ ಹಾಳು ಮಾಡ್ದೆ."

ಆಂಟಿ ಹೋಳಿಗೆಯನ್ನು ಬೇರೆ ತಟ್ಟೆಗೆ ತೆಗೆದಿಟ್ಟು, ತುಪ್ಪ ಮೆತ್ತಿದ ಅಕ್ಷರಗಳನ್ನು ಹೆಬ್ಬೆರಳಿನಿಂದ ಒರೆಸಿದರು. ಕಣ್ಣು ತುಂಬಿತ್ತು. ಬೈದಿದ್ದರಾದರೂ ಚೆನ್ನಾಗಿರುತ್ತಿತ್ತು. ಆಮೇಲೆ ತಟ್ಟೆಯನ್ನು ತೊಳೆದು ಶೋಕೇಸಿನಲ್ಲಿ ನಿಲ್ಲಿಸಿದರು.

"ಇನ್ನು ಟೇಬಲ್‌ಗೆ ಬರಲ್ಲ," ಅಂದರು.

ನಾಗಮಣಿ ತಲೆತಗ್ಗಿಸಿ ಹೊರಟಳು.

"ನಿಲ್ಲು. ನಾಳೆ ಅಡುಗೆಮನೆಗೆ ಪೇಂಟ್." ಆಂಟಿ ಒಳಗಿನಿಂದ ಅದೇ ನೀಲಿ ಬಳ್ಳಿಯ ಪಿಂಗಾಣಿ ಬಟ್ಟಲುಗಳನ್ನು ತಂದು ಅವಳ ಕೈಗಿಟ್ಟರು. "ಹಬ್ಬಕ್ಕೆ ಅಜ್ಜಿಯದು ಅಂತ ಇನ್ನು ಉಳಿದಿರೋದು ಇವೇ. ನಿನ್ನ ಹತ್ರಾನೇ ಇರ್ಲಿ. ಏನಾದ್ರೂ ಆದ್ರೆ ನೀನು ಬಂದು ಹೇಳ್ತೀಯ."

ಅಯ್ಯೋ ದೇವರೇ, ಈ ಹೊಣೆಗಿಂತ ಬರುವಾಗಿನ ಹೆದರಿಕೆಯೇ ಎಷ್ಟೋ ವಾಸಿ! ಬಟ್ಟಲುಗಳನ್ನು ಎದೆಗವಚಿಕೊಂಡು ನಾಗಮಣಿ ಕಾರಿಡಾರಿನಿಂದಲೇ ಕೂಗಿದಳು.

"ಅದ್ವಿಕಾ, ಮೊದ್ಲು ಆ ಹಿಟ್ಟಿನ ಪಾತ್ರೆ ಒಳಗಿಡೇ!"