ಘತ್ತರಗಿಯ ಕೆಳಗೆ ಕೂಡುವ ನೀರು

ಭೀಮಾ ನದಿಗೆ ನೀರು ಬಿಟ್ಟಿದ್ದಾರೆ ಎಂಬ ಸುದ್ದಿ ಬಂದರೆ ನಮ್ಮೂರಲ್ಲಿ ಯಾರೂ ಆಕಾಶ ನೋಡುವುದಿಲ್ಲ. ಮಳೆ ಬೀಳುವುದು ಮಹಾರಾಷ್ಟ್ರದಲ್ಲಿ, ಮುಳುಗುವವರು ನಾವು. ಹಾಗಾಗಿ ಘತ್ತರಗಿಗೆ ಫೋನ್ ಹಚ್ಚುತ್ತೇವೆ. ಅದು ಅಫಜಲಪುರ ತಾಲೂಕಿನಲ್ಲಿ, ನದಿಯ ಮೇಲುಗಡೆ ಇದೆ. ನಾವು ಕೆಳಗಿನ ಜೇವರ್ಗಿ ತಾಲೂಕಿನವರು. ಅಲ್ಲಿ ಏರಿದ ನೀರು ಇಲ್ಲಿಗೆ ಮುಟ್ಟುವಷ್ಟರಲ್ಲಿ ದಂಡೆಯ ಮೋಟರುಗಳನ್ನು ಎತ್ತಿ ಮೇಲೆ ತರಬಹುದು. ನನ್ನ ಹೆಂಡತಿಯ ತಮ್ಮ ಧಮ್ಮಪಾಲ ಘತ್ತರಗಿಯಲ್ಲೇ ಇರುವುದರಿಂದ ಅರ್ಧ ಊರು ನನ್ನನ್ನೇ ಕೇಳುತ್ತದೆ.

ನೀರು ಬಿಟ್ಟ ಸುದ್ದಿ ಬಂದ ಆ ಭಾನುವಾರ ಮಧ್ಯಾಹ್ನವೂ ಅವನಿಗೆ ಫೋನ್ ಹಚ್ಚಿ ಕೇಳಿದೆ.

"ನಿನ್ನೆ ಎಷ್ಟಿತ್ತು ಅಷ್ಟೇ ಅದ ಮಾವ. ಗುಡಿ ಮುಂದ ಮಂದಿ ಜಳಕ ಮಾಡಾಕತ್ತಾರ. ನೀ ಆರಾಮ ಮಲ್ಕೋ" ಎಂದ ಧಮ್ಮಪಾಲ.

ಮಲಗುವ ಹಾಗಿರಲಿಲ್ಲ. ಮೆಣಸಿನ ಸಸಿ, ನಮ್ಮ ಮಾತಿನಲ್ಲಿ ಅಗಿ, ಹಚ್ಚಿ ವಾರವಾಗಿತ್ತು. ನಮ್ಮ ಕಡೆ ಹನಿ ಮಳೆಯಿಲ್ಲ. ಮಧ್ಯಾಹ್ನ ಬರುವ ತ್ರೀಫೇಸ್ ಕರೆಂಟು ಹೊತ್ತು ಮುಳುಗುವ ತನಕ ಇರುತ್ತದೆ. ಅಷ್ಟರಲ್ಲಿ ನೀರುಣಿಸದಿದ್ದರೆ ಎಳೆ ಅಗಿ ಬಾಡಿ ಸಾಯುತ್ತದೆ. ಮೋಟರ್ ಎತ್ತಿದರೆ ಅಗಿ ಹೋಯಿತು, ಮೋಟರ್ ಮುಳುಗಿದರೆ ಇಡೀ ವರ್ಷವೇ ಹೋಯಿತು. ಆ ಮೋಟರ್ ನನ್ನದು ಮತ್ತು ಪಕ್ಕದ ಹೊಲದ ಚಾಂದಪಾಶಾನದು ಕೂಡಿ.

ಅಂಗಳಕ್ಕೆ ಬಂದರೆ ಮಗಳು ಪಲ್ಲವಿ ಮೋಟರ್ ಎತ್ತುವ ಹಗ್ಗವನ್ನು ಸೊಟ್ಟಗೆ ಹಾಸಿಟ್ಟಿದ್ದಳು. ಅದರ ಮೇಲೆ ಒಂದು ಗಿಲಾಸು ಬೋರಲು. ಗಿಲಾಸಿನಿಂದ ಸ್ವಲ್ಪ ಕೆಳಗೆ ನನ್ನ ಅವ್ವನ ಹಳೇ ಸೀರೆಯ ಅಂಚೊಂದು ಹಗ್ಗಕ್ಕೆ ಬಂದು ಕೂಡಿತ್ತು.

"ಏನ್ ಬೇ ಇದು? ಹಗ್ಗ ಆಟಕ್ಕ ಅದೇನು?"

"ಆಟ ಅಲ್ಲಪ್ಪ. ನಮ್ಮ ಹೊಳಿಗಿ ನೀರು ಎಲ್ಲೆಲ್ಲಿಂದ ಬರ್ತದ ಅಂತ ಬೀಗರು ಬಿಜ್ಜರಿಗಿ ಕೇಳ್ಕೊಂಡು ಬರ್ರಿ ಅಂದಾರ ಇರಮ ಮೇಡಂ. ಭೂಗೋಳದಾಗ ಪ್ರವಾಹದ ಪಾಠ ನಡದದ."

"ಪ್ರವಾಹ ಕಲಿಯಾಕ ಸಾಲಿಗಿ ಹೋಗ್ಬೇಕೇನು? ದಂಡಿಗಿ ನಿಂದ್ರು, ಕಲಿಸ್ತದ."

"ಮಟಕಿ ಅತ್ತಿಗಿ ಫೋನ್ ಹಚ್ಚಿದ್ನಿ" ಎಂದಳು, ನಾನು ಏನೂ ಅಂದೇ ಇಲ್ಲವೆಂಬಂತೆ. "ಮೋಡ ಒಡದಂಗ ಮಳಿ ಅಂತ ಅಲ್ಲಿ. ಹಳ್ಳ ರಸ್ತಾ ಮ್ಯಾಲ ಬಂದದಂತ. ಅಮರ್ಜಾ ಡ್ಯಾಮಿನ ಗೇಟು ತೆಗದಾರಂತ ಮಂದಿ ಅನ್ನಾಕತ್ತಾರಂತ."

ಮಟಕಿ ಇರುವುದು ಆಳಂದ ತಾಲೂಕಿನಲ್ಲಿ. ನನ್ನ ತಂಗಿ ಪಂಚಶೀಲಾಳನ್ನು ಕೊಟ್ಟ ಊರು.

"ಆಳಂದದಾಗ ಮಳಿ ಆದ್ರ ಆಳಂದದವ್ರು ಕೊಡಿ ಹಿಡೀತಾರ. ನಮಗೇನು?"

ಪಲ್ಲವಿ ಸೀರೆ ಅಂಚನ್ನು ಮುಟ್ಟಿ ತೋರಿಸಿದಳು. "ಹಗ್ಗ ಭೀಮಾ, ಗಿಲಾಸು ಘತ್ತರಗಿ, ಇದು ಅಮರ್ಜಾ. ಗಾಣಗಾಪುರ ಸಂಗಮದಾಗ ಭೀಮಾ ಹೊಳಿಗಿ ಕೂಡ್ತದ. ಸಂಗಮ ಘತ್ತರಗಿ ಕೆಳಗದ. ಈ ನೀರು ಧಮ್ಮಪಾಲ ಮಾಮಾಗ ಹ್ಯಾಂಗ ಕಾಣ್ತದಪ್ಪ?"

ಸಂಗಮ ನನಗೆ ಗೊತ್ತಿಲ್ಲವೇ? ಎಷ್ಟೋ ಸಲ ಅಲ್ಲಿ ಕಾಲು ತೊಳೆದಿದ್ದೇನೆ. ಊರಿನವರೆಲ್ಲ ಮುಳುಗು ಹಾಕಿ ಬಂದವರೇ. ಅದು ಮಂದಿ ಮೀಯುವ ಜಾಗವೆಂದು ನಾವೆಲ್ಲ ಬಲ್ಲೆವು. ಎರಡು ನೀರು ಕೂಡುವ ಜಾಗವೆಂದು ಫೋನ್ ಹಚ್ಚುವಾಗ ಯಾರಿಗೂ ನೆನಪಾಗಿಲ್ಲ. ಅದೇ ನನಗೆ ಸಿಟ್ಟು ಬರಿಸಿತು.

"ಎದ್ದೇಳು, ಹಗ್ಗ ಕೊಡು!"

"ಅಕಿ ಮ್ಯಾಲ ಯಾಕ ಒದರ್ತೀಯಲೇ?" ಎಂದಳು ಕಟ್ಟೆ ಮೇಲಿದ್ದ ನನ್ನ ಅವ್ವ ಸಾಬವ್ವ. "ಹೊಳಿ ಮ್ಯಾಲ ಒದರು, ನಿಂದ್ರತೈತೇನ್ ನೋಡಮು."

ಹಗ್ಗ ಸುತ್ತಿಕೊಂಡು ಮಗಳಿಗೆ ಹೇಳಿದೆ: "ಮೋಟರ್ ಎತ್ತತೇನಿ. ನೀರು ಬರ್ಲಿಲ್ಲಂದ್ರ ನಾಳಿಂದ ಕೊಡ ಹೊತ್ತು ಅಗಿಗಿ ನೀನೇ ನೀರು ಹಾಕ್ಬೇಕು. ಸಾಲಿ ಬಂದ್."

ಅವಳ ಮುಖ ಸಣ್ಣದಾಯಿತು. ಆದರೂ "ಹಾಕ್ತೇನಿ, ಎತ್ತು" ಎಂದಳು.

ಚಾಂದಪಾಶಾ ಒಪ್ಪಲಿಲ್ಲ. "ತಲಿ ಕೆಟ್ಟದೇನೋ ದತ್ತಪ್ಪ? ಕರೆಂಟ್ ಇದ್ದಾಗ ಮೋಟರ್ ಎತ್ತೋ ಹುಚ್ಚ ಯಾರರೆ ಅದಾನೇನು?"

"ನಾ ಅದೇನಿ. ಬರ್ತಿಯೋ ಇಲ್ಲೋ?"

ಬೈಯುತ್ತಲೇ ತನ್ನ ಇಬ್ಬರು ತಮ್ಮಂದಿರನ್ನು ಕರೆದುಕೊಂಡು ಬಂದ. ದಂಡೆಯ ಕೆಳಗೆ ಕಲ್ಲಿನ ಕಟ್ಟೆ, ಅದರ ಮೇಲೆ ನಮ್ಮ ಮೋಟರ್. ಹತ್ತಿರದಲ್ಲೇ ದೌಲತರಾಯ ಸಾಹುಕಾರರ ಎರಡು ದೊಡ್ಡ ಮೋಟರುಗಳು ಗುಂಯ್ ಎನ್ನುತ್ತಿದ್ದವು. ಅವರು ಕಬ್ಬಿನ ಬದುವಿನ ಮೇಲೆ ನಿಂತಿದ್ದರು.

"ಏನ್ಲೇ ದತ್ತ್ಯಾ, ನಿನ್ನ ಮೈದುನ ಏನಂದ?"

"ನೀರಿಲ್ಲ ಅಂದಾನ್ರಿ."

"ಮತ್ಯಾಕ ಎತ್ತಾಕತ್ತಿ?"

"ಮಗಳು ಎತ್ತು ಅಂದಾಳ್ರಿ."

ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ಚಾಂದಪಾಶಾನ ತಮ್ಮಂದಿರೂ ನಕ್ಕರು. ನಾನು ಸ್ಟಾರ್ಟರ್ ಡಬ್ಬಿ ಬಿಚ್ಚಿದೆ. ಹಗ್ಗ ಬಿಗಿದು, ಬೊಂಬು ತೂರಿಸಿ, ನಾಲ್ವರೂ ಹೆಗಲು ಕೊಟ್ಟೆವು. ದಂಡೆಯ ಕರಿಮಣ್ಣಿನಲ್ಲಿ ಕಾಲು ಜಾರಿ ಎರಡು ಸಲ ಮೊಣಕಾಲೂರಿದೆ. ಮೇಲೆ ತಂದು ಇಟ್ಟಾಗ ಹೊಳೆ ಮೊದಲಿನಂತೆಯೇ ಇತ್ತು.

"ಈಗ ಪೈಪು" ಎಂದೆ.

"ಪೈಪು ನಿನ್ನ ಮಗಳಿಗಿ ಹೊರಾಕ ಹೇಳು" ಎಂದು ಚಾಂದಪಾಶಾ ಕೂತೇಬಿಟ್ಟ. ಇಬ್ಬರೂ ಕೈ ಮಾಡಿಕೊಳ್ಳುವ ತನಕ ಜಗಳವಾಯಿತು. ಅದು ಮುಗಿಯುವ ಮುಂಚೆಯೇ ಅವನ ತಮ್ಮನೊಬ್ಬ "ಭಾಯ್, ಕಟ್ಟಿ ಎಲ್ಲದ?" ಎಂದ.

ಕಲ್ಲಿನ ಕಟ್ಟೆ ಕಾಣುತ್ತಿರಲಿಲ್ಲ. ಮಸಿ ಕಲಸಿದಂಥ ನೀರು, ಅದರ ಮೇಲೆ ಜೋಳದ ದಂಟು, ಜಾಲಿ ಮುಳ್ಳು. ಮೇಲಿನಿಂದ ಬಿಟ್ಟ ನೀರಿಗೆ ಈ ಬಣ್ಣವಿರುವುದಿಲ್ಲ; ಇದು ಅಮರ್ಜಾದ ನೀರು. ಪೈಪುಗಳು ಒಂದೊಂದಾಗಿ ಕಿತ್ತು ಹೋದವು. ಸಾಹುಕಾರರ ಆಳುಗಳು ಓಡಿ ಬಂದರು, ನಾವೂ ಹಗ್ಗ ಎಸೆದೆವು. ಒಂದು ಮೋಟರ್ ಬಂತು, ಇನ್ನೊಂದು ಬರಲಿಲ್ಲ.

ನೀರು ಇಳಿದಾಗ ಹೊಲದ ಕೆಳಗಿನ ಅಗಿ ಕೆಸರಿನಡಿ ಹೂತುಹೋಗಿತ್ತು. ಮೇಲಿನದರಲ್ಲಿ ಅರ್ಧ ಒಣಗಿತ್ತು. ಮೋಟರ್ ಇತ್ತು. ಹಳೇ ಪೈಪು ತಂದು ಜೋಡಿಸಿ, ಹೊಸ ಅಗಿ ಹಚ್ಚಿದೆವು. ಪಲ್ಲವಿ ಕೊಡ ಹೊರಲಿಲ್ಲ. ಸೋಮವಾರ ಬೆಳಿಗ್ಗೆ "ಸಾಲಿಗಿ ಹೋಗ್ಲೇನಪ್ಪ?" ಎಂದು ಕೇಳಿದಾಗ "ಇಷ್ಟೊತ್ತಿನ ತನಕ ಮನ್ಯಾಗ ಏನ್ ಮಾಡಾಕತ್ತಿ?" ಎಂದು ಗದರಿಸಿ ಕಳಿಸಿದ್ದೆ.

ಮತ್ತೆ ನೀರು ಬಿಟ್ಟ ಸುದ್ದಿ ಬಂದ ದಿನ ದೌಲತರಾಯರು ನಮ್ಮ ಮನೆಗೇ ಬಂದು ಕಟ್ಟೆ ಮೇಲೆ ಕೂತರು.

"ಹುಡುಗಿನ ಕರಿಯೋ ದತ್ತಪ್ಪ. ಅದೇನು ಎರಡು ನೀರಿನ ಲೆಕ್ಕ, ಕೇಳಮು."

"ಸಾಲಿಗಿ ಹೋಗ್ಯಾಳ್ರಿ."

"ಮತ್ತ?"

ಹಗ್ಗ ತಂದು ಅಂಗಳದಲ್ಲಿ ಹಾಸಿದೆ. ಗಿಲಾಸು ಬೋರಲು ಹಾಕಿದೆ. ಸೀರೆ ಅಂಚು ಸಿಗಲಿಲ್ಲ, ಹೆಗಲ ಮೇಲಿನ ಟವಲನ್ನೇ ಇಟ್ಟೆ.

"ಇದು ಘತ್ತರಗಿ, ಇದು ಸಂಗಮ. ಫೋನ್ ಎರಡು ಕಡಿ ಹಚ್ಚಬೇಕು, ಮೊದಲು ಮಟಕಿಗಿ. ಆಕಡಿ ಏನ್ ನೋಡಾಕತ್ತೀರಿ ಸಾಹುಕಾರ್ರ? ಇಲ್ಲಿ ನೋಡ್ರಿ!"