ತಡವಾಗಿ ಬಂದ ಚಾಂಪಿಯನ್ ಪಟ್ಟ

ಬಾವುಟದ ಮಡಿಕೆ ಇನ್ನೂ ಬಿಟ್ಟಿಲ್ಲ, ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಕೂಡ ಹಾಕದೆ ಕಟ್ಟಿದ್ದಾರೆ, ರಾಷ್ಟ್ರೀಯ ಚಾಂಪಿಯನ್ ಅನ್ನೋ ಅಕ್ಷರಗಳ ಮೇಲೆ ಅಡ್ಡಡ್ಡ ಗೆರೆ — ರೆಫರಿ ಎರಡು ಬೆರಳು ತೋರಿಸ್ತಿದಾನೆ, ಎರಡು ಫ್ರೀ ಥ್ರೋ, ಇಪ್ಪತ್ತಾರು ಪಾಯಿಂಟ್ ಹಿಂದಿದ್ದಾಗ ಹಾಕಿದರೇನು ಬಿಟ್ಟರೇನು, ರಿಂಗ್ ನೋಡು ಗ್ರೇಡಿ, ಮೇಲೆ ನೋಡಬೇಡ, ಆದರೆ ರಿಂಗಿನ ಹಿಂದೆಯೇ ನೇತಾಡ್ತಿದೆಯಲ್ಲ ಅದು, 1936, ನನ್ನಜ್ಜಿ ಇನ್ನೂ ಹುಟ್ಟಿರದ ವರ್ಷ, ಆಗ ದೇಶಕ್ಕೆಲ್ಲ ಸೇರಿ ಒಂದು ಬ್ಯಾಸ್ಕೆಟ್‌ಬಾಲ್ ಟೂರ್ನಿಯೇ ಇರಲಿಲ್ಲವಂತೆ, ಈಗ ಯಾವುದೋ ಸಮಿತಿಯವರು ಹಳೇ ಸ್ಕೋರುಗಳನ್ನೆಲ್ಲ ಕೂಡಿಸಿ ಕಳೆದು ಆ ವರ್ಷದ ಚಾಂಪಿಯನ್ ನಮ್ಮ ಹಾಲ್ಸಿ ಕಾಲೇಜು ಅಂದರು, ನಮ್ಮ ಅಧ್ಯಕ್ಷರು ಬಾವುಟ ಹೊಲಿಸಿಯೇ ಬಿಟ್ಟರು, ಏರಿಸೋಕೆ ಕ್ಯಾಲ್ಡರ್ ಕಾಲೇಜಿನ ಜೊತೆಗಿನ ಪಂದ್ಯವನ್ನೇ ಆರಿಸಿದರು, ಆ ವರ್ಷದ ಪಟ್ಟ ತಮ್ಮದು ಅಂತ ಇವತ್ತಿಗೂ ಹೇಳೋ ಕ್ಯಾಲ್ಡರ್ — ಮೊದಲನೇದು ಒಳಗೆ ಹೋಯಿತು, ಚಪ್ಪಾಳೆ ಇಲ್ಲ, ಅರ್ಧ ಜನ ಎದ್ದುಹೋಗಿದ್ದಾರೆ, ಮಧ್ಯಂತರದಲ್ಲಿ ಗ್ಯಾಲರಿ ತುಂಬಿತ್ತು, ನೀನು ಕ್ಯಾಪ್ಟನ್, ವೈಗಂಡ್ ಅವರ ಕುರ್ಚಿ ನೀನೇ ತಳ್ಳು ಅಂದರು ಕೋಚ್, ಆ ವರ್ಷದ ತಂಡದಲ್ಲಿ ಬದುಕಿರೋದು ಹಾರ್ಲನ್ ವೈಗಂಡ್ ಒಬ್ಬರೇ, ತೊಂಬತ್ತು ವರ್ಷ, ಗಾಲಿಕುರ್ಚಿ, ಕೋಟಿನೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಅನ್ನೋ ಹಾಗೆ, ತಳ್ಳುವಾಗ ಕತ್ತೆತ್ತಿ ಕೇಳಿದರು ಎಷ್ಟರಲ್ಲಿ ಸೋಲ್ತಿದ್ದೀಯಪ್ಪಾ, ಹತ್ತೊಂಬತ್ತು ಸರ್, ಅಯ್ಯೋ ನಮ್ಮ ಕಾಲದಲ್ಲಿ ಇಡೀ ಪಂದ್ಯಕ್ಕೇ ಅಷ್ಟಾಗ್ತಿತ್ತು ಅಂತ ನಕ್ಕರು, ಹಗ್ಗ ಎಳೆದರು, ಬಾವುಟ ಬಿಚ್ಚಿಕೊಂಡಿತು, ಬ್ಯಾಂಡು, ಅಧ್ಯಕ್ಷರು ಅವರ ಬಾಯಿಗೆ ಮೈಕು ಹಿಡಿದರು, ಧನ್ಯವಾದ ಹೇಳ್ತಾರೆ ಅಂದುಕೊಂಡಿದ್ದೆವು — ಆ ವರ್ಷ ಕ್ಯಾಲ್ಡರ್ ನಮ್ಮನ್ನ ಎರಡು ಸಲ ಸೋಲಿಸ್ತು, ಎರಡು ಸಲಾನೂ ನಾನು ಆಡಿದ್ದೆ, ಈ ಪಟ್ಟ ಅವರದು, ಆ ಹುಡುಗರ ಕೈ ಕುಲುಕಬೇಕು ನಾನು, ಅಂದರು ವೈಗಂಡ್.

ಅಧ್ಯಕ್ಷರು ಮೈಕು ತಮ್ಮ ಕಡೆ ಎಳೆದುಕೊಂಡು ತೊಂಬತ್ತಾದ ಮೇಲೆ ಲೆಕ್ಕ ಸ್ವಲ್ಪ ಹಿಂದೆಮುಂದೆ ಆಗುತ್ತೆ ಬಿಡಿ ಅಂದರು, ಎಲ್ಲರೂ ನಕ್ಕರು, ನಾನೂ, ನಾನೂ ನಕ್ಕೆ, ವೈಗಂಡ್ ಅವರ ಬೆನ್ನ ಹಿಂದೆಯೇ ನಿಂತು, ಅವರಿಗೆ ಕೇಳಿಸೋ ಹಾಗೆ, ಅಷ್ಟರಲ್ಲಿ ಅವರು ಕ್ಯಾಲ್ಡರ್ ಬೆಂಚಿನ ಕಡೆಗೆ ಕೈ ಚಾಚಿಯಾಗಿತ್ತು, ಆ ಕಡೆಯ ಕ್ಯಾಪ್ಟನ್ ಎದ್ದ, ನೀರಿನ ಬಾಟಲಿ ಕೆಳಗಿಟ್ಟು ಬರ್ತಿದ್ದ, ನಮ್ಮ ಅಧ್ಯಕ್ಷರು ಕಣ್ಣಲ್ಲೇ ಸನ್ನೆ ಮಾಡಿದರು, ಕರಕೊಂಡು ಹೋಗು, ನಾನು ಕುರ್ಚಿ ತಿರುಗಿಸಿದೆ, ಯಾಕೆ ತಿರುಗಿಸಿದೆ, ಬರ್ತಿದ್ದನಲ್ಲ ಅವನು, ಸ್ವಲ್ಪ ತಡಿಯಪ್ಪಾ ಅಂದರು ವೈಗಂಡ್, ಕೇಳಿಸಿತು, ಕೇಳಿಸದ ಹಾಗೆ ತಳ್ಳಿದೆ — ಎರಡನೇದಕ್ಕೆ ರೆಫರಿ ಚೆಂಡು ಕೊಟ್ಟ, ಪಕ್ಕದಲ್ಲಿ ಅದೇ ಕ್ಯಾಪ್ಟನ್ ಮಂಡಿ ಹಿಡಿದು ಬಾಗಿ ನಿಂತಿದಾನೆ, ಅಜ್ಜ ಹೊರಟುಹೋದ್ರಾ ಅಂತ ಮೆಲ್ಲಗೆ ಕೇಳ್ತಾನೆ, ಹೋದ್ರು ಅಂದೆ, ನಾನೇ ವ್ಯಾನ್ ಹತ್ತಿಸಿ ಬಂದೆ ಅಂತ ಹೇಳಲಿಲ್ಲ, ಎಸೆದೆ, ರಿಂಗಿಗೂ ತಾಗಲಿಲ್ಲ, ಯಾವುದಕ್ಕೂ ತಾಗಲಿಲ್ಲ, ಯಾರೋ ನಕ್ಕರು, ಓಡು ಗ್ರೇಡಿ ಅಂತ ಕೋಚ್ ಕೂಗ್ತಿದಾರೆ, ಎಲ್ಲರೂ ಆ ತುದಿಗೆ ಓಡಿದರು, ನಾನು ಗೆರೆ ಮೇಲೇ ನಿಂತಿದೀನಿ, ಕಣ್ಣ ಮುಂದೆ ಮತ್ತೆ ಆ ಕುರ್ಚಿ ತಿರುಗ್ತಿದೆ, ಚಾಚಿದ ಕೈ ಮಡಚಿಲ್ಲ ಅವರು, ಕೈ ಬೆಂಚು ದಾಟಿತು, ಬ್ಯಾಂಡಿನವರನ್ನು ದಾಟಿತು, ಬಾಗಿಲ ಪಕ್ಕದ ಇಟ್ಟಿಗೆ ಗೋಡೆ, ಗೋಡೆಗೆ ಚಾಚಿದ ಕೈ, ಬೆರಳು ಬಿಡಿಸಿಕೊಂಡು, ಆ ಕೈ —