ಲಗ್ನಗಾಲ ಮುಗಿಯುವವರೆಗೆ

ಮದುಮಗಳ ಉಗುರಿಗೆ ಗೋರಂಟಿ ಕಟ್ಟಿ ಬದುಕುವವಳಿಗೆ ಏನು ಸಿಕ್ಕೀತು ಎಂದು ಯಾರಾದರೂ ಕೇಳಿದರೆ ಹುಣಸೂರಿನ ಗುಲ್ಜಾರ್ ಬೀ ನಕ್ಕುಬಿಡುತ್ತಿದ್ದಳು. ಬಡವರ ಮನೆಯಲ್ಲಿ ಎಂಟಾಣೆ, ಎರಡು ಸೇರು ರಾಗಿ. ಉಳ್ಳವರ ಮನೆಯಲ್ಲಿ ಎರಡು ರೂಪಾಯಿ, ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲ, ಒಂದು ರವಿಕೆ ಕಣ. ಬೆಳಗ್ಗೆ ಕಟ್ಟು ಬಿಚ್ಚಿದಾಗ ಉಗುರು ಕಡುಗೆಂಪಾಗಿದ್ದರೆ ಮದುಮಗಳ ತಾಯಿ ಖುಷಿಯಾಗಿ ಇನ್ನು ನಾಲ್ಕಾಣೆ ಸೇರಿಸುತ್ತಿದ್ದಳು. ಬಣ್ಣ ಪೇಲವವಾದರೆ, ತಪ್ಪು ಎಲೆಯದೋ ಹುಡುಗಿಯದೋ, ಕಡಿಮೆಯಾಗುವುದು ಮಾತ್ರ ಗುಲ್ಜಾರಳ ಕೂಲಿ. ಆಷಾಢದಲ್ಲಂತೂ ಕವಡೆ ಕಾಸೂ ಇಲ್ಲ.

ಇವೆಲ್ಲಕ್ಕಿಂತ ದೊಡ್ಡ ಷರತ್ತು ಬೇರೆ ಇತ್ತು. ಗುರುಪುರವಾಗಲಿ, ಭೇರ್ಯವಾಗಲಿ, ಬೇಸಾಯಗಾರರ ಮನೆಗಳಲ್ಲಿ ಮದುಮಗಳ ಕೈ ಮುಟ್ಟುವವಳು ಮುತ್ತೈದೆಯಾಗಿರಬೇಕು. ಜಾತಿ ಯಾವುದಾದರೂ ಆದೀತು, ಗಂಡ ಬದುಕಿರಬೇಕು. ಎರಡನೆಯ ಗಂಡನಾದರೆ ಅದೂ ಆಗದು. ಕೈಚಳಕವೆಲ್ಲ ಗುಲ್ಜಾರಳದು, ಅದಕ್ಕೆ ಅಪ್ಪಣೆ ಮಾತ್ರ ಗಂಡನ ಉಸಿರಿನಲ್ಲಿ. ಲೋಕದ ನ್ಯಾಯ ನೋಡಿ: ಆ ಗಂಡ ಅಬ್ದುಲ್ ರಹಮಾನ್ ಮರ ಕಡಿಯಲೆಂದು ಕೊಡಗಿನ ಕಾಫಿ ತೋಟಕ್ಕೆ ಹೋಗಿ ಐದು ವರ್ಷವಾಗಿತ್ತು, ಒಂದು ಬಿಡಿಗಾಸು ಕಳಿಸಿರಲಿಲ್ಲ. ಎಲ್ಲೋ ಬದುಕಿದ್ದಾನೆ ಎಂಬುದೊಂದೇ ಅವನು ಅವಳಿಗೆ ಹಾಕುತ್ತಿದ್ದ ಅನ್ನ.

"ಗಂಡ ಬಂದ್ನೇನವ್ವಾ ಗುಲ್ಜಾರು?" ಎಂದು ಗುರುಪುರದ ಕಂಠಪ್ಪನವರ ಹೆಂಡತಿ ವೀರಮ್ಮ ಮಗಳನ್ನು ಮಣೆಗೆ ಕೂರಿಸುವ ಮೊದಲೇ ಕೇಳುತ್ತಿದ್ದರು.

"ರಂಜಾನ್‌ಗೆ ಬತ್ತಾರೆ ಕಣ್ರವ್ವ."

ಯಾವ ರಂಜಾನ್ ಎಂದು ವೀರಮ್ಮ ಕೇಳುತ್ತಿರಲಿಲ್ಲ. ಅವರಿಗೂ ಉಗುರು ಕೆಂಪಾಗುವುದು ಮುಖ್ಯವಾಗಿತ್ತು.

ಗುಲ್ಜಾರಳ ಬೀದಿಯಲ್ಲೇ ಹೊಲಿಗೆ ಮಿಷಿನ್ ಇಟ್ಟುಕೊಂಡಿದ್ದ ಅಹಮದ್ ಪಾಷಾ ಹೆಂಡತಿ ಸತ್ತವನು. ಒಳ್ಳೆಯವನು, ಮಾತು ಕಡಿಮೆ. "ಒಂದು ಸುದ್ದಿ ಬರ್ಲಿ. ಅವ್ರು ಇಲ್ಲ ಅಂತಾಗ್ಲಿ, ಇಲ್ಲ ತಲಾಖ್ ಕೊಡ್ಲಿ. ನಿನ್ನ ನಿಕಾ ಮಾಡ್ಕೊತೀನಿ. ಅಲ್ಲೀಗಂಟ ಕಾಯ್ತೀನಿ," ಎಂದಿದ್ದ. ಕಾಯುತ್ತಲೂ ಇದ್ದ. ಹಬ್ಬಹಬ್ಬಕ್ಕೆ ಬಂದು "ಏನಾದ್ರೂ ಸುದ್ದಿ?" ಎಂದಷ್ಟೇ ಕೇಳಿ ಹೋಗುತ್ತಿದ್ದ.

ಸುದ್ದಿ ಬಂದದ್ದು ಮಾಘ ಮಾಸದಲ್ಲಿ, ರಾವಂದೂರಿನ ಒಂದು ಮದುವೆ ಮನೆಯ ಹಿತ್ತಿಲಿಗೆ. ಅವಳು ಗೋರಂಟಿ ಸೊಪ್ಪು ಅರೆಯುತ್ತಿದ್ದಳು. ಕೊಡಗಿನ ತೋಟದಲ್ಲಿ ಮೇಸ್ತ್ರಿಯಾಗಿದ್ದ ಆ ಊರಿನ ನಿಂಗಯ್ಯ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತ.

"ರಹಮಾನು ನಿನ್ ಯಜಮಾನ ಅಲ್ವೇನವ್ವ? ಓದ್ ವರ್ಸ ಮಳೆಗಾಲದಲ್ಲಿ ಚಳಿಜ್ವರ ಬಂದು ಓಗ್ಬುಟ್ಟ. ನಾವೇ ಮಣ್ ಮಾಡ್ದೊ. ನಿಂಗೆ ಯಾರೂ ಏಳ್ನಿಲ್ವಾ?"

ಅರೆಯುವ ಕೈ ನಿಂತಿತು. ಒಳಗೆ ಸೋಬಾನೆ ಹಾಡುತ್ತಿದ್ದರು, ಹುಡುಗಿ ಕೈ ತೊಳೆದು ಕಾದು ಕೂತಿದ್ದಳು.

"ಅಣ್ಣಾ, ಈ ಲಗ್ನಗಾಲ ಮುಗಿಯೋಗಂಟ ಯಾರ್ಗೂ ಏಳ್ಬೇಡಿ," ಎಂದಳು ಗುಲ್ಜಾರ್ ಬೀ.

ನಿಂಗಯ್ಯ "ಆಗ್ಲಿ ಬುಡವ್ವ," ಎಂದು ಎದ್ದುಹೋದ. ಅವಳು ಮತ್ತೆ ಅರೆದಳು.

ಅವಳನ್ನು ಕಲ್ಲೆದೆಯವಳು ಎನ್ನಲು ನನಗೆ ಬಾಯಿ ಬಾರದು. ಮೊದಲ ಮದುವೆಗೆ ಉಟ್ಟ ಸೀರೆಯಲ್ಲೇ ಹೋದವಳು, ಬರಿಗೈಲಿ ಬಂದವಳು ಎಂದು ಅತ್ತೆಯಿಂದ ದಿನವೂ ಅನ್ನಿಸಿಕೊಂಡವಳು. ಪಾಷಾನ ಮನೆಗಾದರೂ ಒಂದು ಹಾಸಿಗೆ, ನಾಲ್ಕು ತಾಮ್ರದ ಪಾತ್ರೆ ತೆಗೆದುಕೊಂಡು ಹೋಗಬೇಕೆಂಬ ಆಸೆ. ಗಂಡ ಸತ್ತ ಸುದ್ದಿ ಹೊರಬಿದ್ದ ದಿನವೇ ಆದಾಯ ನಿಲ್ಲುತ್ತದೆ. ಸತ್ತವನಿಗೆ ಅವಸರವಿಲ್ಲ, ವಿಧವೆ ಕಾಯಬೇಕಾದ ಇದ್ದತ್ತಿನ ದಿನಗಳೂ ಎಂದೋ ಕಳೆದಿವೆ, ಆಷಾಢಕ್ಕೆ ಹೇಳಿದರಾಯಿತು ಎಂದುಕೊಂಡಳು. ಪಾಷಾ ಹೇಗೂ ಕಾಯುವವನು. ಕಾಯುವವರನ್ನು ಇನ್ನಷ್ಟು ಕಾಯಿಸುವುದು ನಮಗೆಲ್ಲ ಬಹಳ ಸಲೀಸು.

ಆ ವರ್ಷ ಲಗ್ನಗಳು ಸಾಲುಗಟ್ಟಿದ್ದವು. ಕರಿಮಣಿ ಹಾಕಿಕೊಂಡೇ ಊರೂರು ತಿರುಗಿದಳು. ಕಂಠಪ್ಪನವರ ಎರಡನೆಯ ಮಗಳ ಉಗುರು ಎಂಥ ಕೆಂಪಾಯಿತೆಂದರೆ ವೀರಮ್ಮ ಐದು ರೂಪಾಯಿ ಕೊಟ್ಟರು. ರಂಜಾನ್ ಹಬ್ಬದ ದಿನ ಪಾಷಾ ಬಂದು ಸುರಕುಂಬಾ ಪಾಯಸ ಕುಡಿದು, "ಏನಾದ್ರೂ ಸುದ್ದಿ?" ಎಂದ. ಇಲ್ಲವೆಂದಳು. ಎಂದಿನಂತೆ ಹೊರಡಲಿಲ್ಲ. ಲೋಟ ಕೆಳಗಿಟ್ಟು ಇನ್ನೊಮ್ಮೆ ಕೇಳಿದ. ಆಗಲೂ ಇಲ್ಲವೆಂದಳು.

ಆಷಾಢ ಹುಟ್ಟಿದ ಮರುದಿನ ಅವಳೇ ಅವನ ಅಂಗಡಿಗೆ ಹೋದಳು. ಮನೆಯಲ್ಲಿ ಹೊಸ ಹಾಸಿಗೆ ಸುತ್ತಿಟ್ಟಿತ್ತು, ಪಾತ್ರೆ ಬೆಳಗಿಟ್ಟಿದ್ದಳು.

"ನೆನ್ನೆ ಸುದ್ದಿ ಬಂತು. ಅವ್ರು ತೀರ್ಕೊಂಡ್ರಂತೆ."

ಪಾಷಾ ಮಿಷಿನ್ ನಿಲ್ಲಿಸಿದ. "ನೆನ್ನೆನಾ?"

"ನೆನ್ನೆ."

"ಹಬ್ಬಕ್ಕೆ ಮುಂಚೆ ರಾವಂದೂರಿನ ನಿಂಗಯ್ಯ ಅಂಗಿ ಹೊಲ್ಸೋಕೆ ಬಂದಿದ್ದ. ನಾನೂ ನಿನ್ ಬೀದಿಯೋನೇ ಅಲ್ವಾ, ನಂಗೆ ಗೊತ್ತಿರ್ತದೆ ಅನ್ಕೊಂಡ. ಆ ಯಮ್ಮಂಗೆ ಈಗ ಸಮಾಧಾನ ಆಯ್ತಾ ಅಂತ ಕೇಳ್ದ. ಮಾಘದಲ್ಲೇ ನಿಂಗೆ ಹೇಳಿದ್ನಂತೆ."

"ಬರಿಗೈಲಿ ಬರಬಾರ್ದು ಅಂತ..."

"ನಿನ್ ಕೈಲಿ ಏನೈತೆ ಅಂತ ನಾನ್ ಯಾವತ್ತಾದ್ರೂ ಕೇಳಿದ್ನಾ?" ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿತು. "ಹಬ್ಬದ ದಿನ ಎರಡು ಸಲ ಕೇಳ್ದೆ. ಹೇಳಿದ್ರೆ ಅವತ್ತೇ ಎಲ್ಲ ಮರೀತಿದ್ದೆ. ನಾನೂ ಸಂತೆ ಸಂತೆ ತಿರುಗೋನು. ನಾಳೆ ಭೇರ್ಯದ ದಾರೀಲಿ ಸತ್ರೆ, ಅವತ್ತೂ ನಿಂಗೆ ಇಂಥದೇ ಒಂದು ಲಗ್ನಗಾಲ ಇದ್ರೆ, ನಂಗೂ ಒಂದು ಫಾತಿಹಾ ಓದ್ಸೋರು ಇರಾಕಿಲ್ಲ."

ಅಷ್ಟು ಹೇಳಿ ಬಟ್ಟೆ ಎಳೆದುಕೊಂಡು ಹೊಲಿಯತೊಡಗಿದ.

ಗುಲ್ಜಾರ್ ಬೀ ಮನೆಗೆ ಬಂದು ನೆಲದ ಮೇಲೆ ಕೂತು ಅತ್ತಳು. ಪಕ್ಕದ ಮನೆಯ ಫಾತಿಮುನ್ನೀಸಾ ಓಡಿಬಂದು, ರಹಮಾನ್ ಸತ್ತ ಸುದ್ದಿ ಕೇಳಿ, ಅವಳನ್ನು ಅಪ್ಪಿಕೊಂಡು ಒಂದೊಂದೇ ಬಳೆ ತೆಗೆದಳು. ಬೀದಿಯ ಹೆಂಗಸರೆಲ್ಲ ಸೇರಿದರು. ಐದು ವರ್ಷ ಬಿಟ್ಟುಹೋಗಿದ್ದ ಗಂಡನಿಗಾಗಿ ಹೀಗೆ ಅಳುವ ಹೆಂಡತಿ ಎಲ್ಲಿದ್ದಾಳೆ ಎಂದು ಅವರೂ ಕಣ್ಣೊರೆಸಿಕೊಂಡರು. ಅಳುತ್ತಿರುವುದು ಬದುಕಿರುವವನಿಗಾಗಿ ಎಂದು ಅವರಿಗೆ ಹೇಳಲು ಅವಳಿಗೆ ಬಾಯಿರಲಿಲ್ಲ.